ಮಲೆನಾಡಿನ ಹಳೆ ಜೀಪಿನ ಫ್ಲೋರು: ತುಕ್ಕು ಬಿಡಿಸಿ ಮತ್ತೆ ಕೋಟಿಂಗ್ ಹೊಡೆಯುವ ಕ್ರಮ

ರಬ್ಬರ್ ಮ್ಯಾಟ್ ಎತ್ತಿ ನೋಡುವ ತನಕ ಎಲ್ಲ ಹಳೆ ಜೀಪಿನ ಫ್ಲೋರೂ ಗಟ್ಟಿಯೇ. ಎತ್ತಿದ ಮೇಲೆ ಹಪ್ಪಳದಂಥ ಪದರಗಳು ಕೈಗೆ ಬರುತ್ತವೆ. ಡ್ರೈವರ್ ಹಿಮ್ಮಡಿ ಊರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಕೆಳಗಿನ ನೆಲ ಕಾಣುತ್ತದೆ. ಆಮೇಲೆ ಸಾಮಾನ್ಯವಾಗಿ ನಡೆಯುವ ರಿಪೇರಿ ಎರಡೇ ಬಗೆಯದು. ಒಂದೋ ಹಳೆ ತಗಡಿನ ಮೇಲೆ ಇನ್ನೊಂದು ತಗಡು ಹೊಡೆಸುವುದು, ಇಲ್ಲವೇ ಸರ್ವಿಸ್ ಸ್ಟೇಷನ್ನಿನಲ್ಲಿ ಕೆಳಗಿನಿಂದ ಕಪ್ಪು ಕೋಟಿಂಗ್ ಹೊಡೆಸುವುದು. ಎರಡರಲ್ಲೂ ತುಕ್ಕು ಮುಚ್ಚಿಹೋಗುತ್ತದೆ, ನಿಲ್ಲುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗ ಮತ್ತೆ ಉಬ್ಬಿರುತ್ತದೆ.

ಇಲ್ಲಿ ಹೇಳುವುದು ಮಹೀಂದ್ರದ ಹಳೆಯ ಎಂಎಂ 540, ಮೇಜರ್, ಸಿಜೆ ಮಾದರಿಯ ಜೀಪುಗಳನ್ನು ಕಣ್ಣಮುಂದೆ ಇಟ್ಟುಕೊಂಡು. ಜಿಪ್ಸಿಗೂ ಮೊದಲಿನ ಥಾರ್‌ಗೂ ಕ್ರಮ ಬಹುಪಾಲು ಇದೇ.

ತುಕ್ಕು ಎಲ್ಲಿಂದ ಬರುತ್ತದೆ

ಜೀಪಿನ ಬಾಡಿ ಚಾಸಿಯ ಮೇಲೆ ಬೋಲ್ಟಿನಲ್ಲಿ ಕೂತಿರುವ ಒಂದು ತೊಟ್ಟಿ. ತೊಟ್ಟಿಯ ತಳಕ್ಕೆ ಬಲ ಕೊಡಲು ಅಡಿಯಿಂದ ಟೋಪಿ ಆಕಾರದ ಪಟ್ಟಿಗಳನ್ನು ಸ್ಪಾಟ್ ವೆಲ್ಡ್ ಮಾಡಿರುತ್ತಾರೆ. ಪಟ್ಟಿಯ ಒಳಗೆ ಟೊಳ್ಳು. ಅಲ್ಲಿಗೆ ಕಾರ್ಖಾನೆಯಲ್ಲೂ ಬಣ್ಣ ಸರಿಯಾಗಿ ಹೋಗಿರುವುದಿಲ್ಲ, ಆದರೆ ನೀರು ಹೋಗುತ್ತದೆ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿ ಈ ಪಟ್ಟಿಯ ಟೊಳ್ಳಿಗೆ ಮರದ ತುಂಡು ಬೇರೆ ತುಂಬಿರುತ್ತಿದ್ದರು. ಮರ ನೀರು ಹೀರಿ ತಗಡನ್ನು ಒಳಗಿನಿಂದ ತಿನ್ನುತ್ತಿತ್ತು. ಆ ಗಾಡಿಗಳನ್ನು ಪುನಃ ಕಟ್ಟುವವರು ಇವತ್ತಿಗೂ ಮೊದಲು ನೋಡುವುದು ಆ ಜಾಗವನ್ನೇ.

ಎರಡು ತಗಡು ಒಂದರ ಮೇಲೊಂದು ಕೂತ ಸಂದಿನಲ್ಲಿ ನೀರು ಸೇರಿದರೆ ಒಣಗುವುದು ಕಷ್ಟ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಅದಕ್ಕೇ ಸಂದು ಬಾಯಿ ಬಿಡುತ್ತದೆ, ಸ್ಪಾಟ್ ವೆಲ್ಡುಗಳ ನಡುವೆ ತಗಡು ದಿಂಬಿನಂತೆ ಉಬ್ಬುತ್ತದೆ. ಬಾಯಿ ಬಿಟ್ಟಷ್ಟೂ ಇನ್ನಷ್ಟು ನೀರು.

ಮಳೆಯ ಪ್ರಮಾಣ ಗೊತ್ತಿರುವುದೇ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು. ಆದರೆ ತೋಟದ ಜೀಪನ್ನು ತಿನ್ನುವುದು ಬರೀ ಮಳೆನೀರಲ್ಲ, ಹಿಂದೆ ಹೇರುವ ಸಾಮಾನು. ಪೊಟ್ಯಾಷ್ ಎಂದು ನಾವು ಹಾಕುವ ಎಂಒಪಿ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ತುಕ್ಕಿನ ಮಟ್ಟಿಗೆ ಅದಕ್ಕೂ ಅಡುಗೆ ಉಪ್ಪಿಗೂ ಹೆಚ್ಚು ಫರಕಿಲ್ಲ. ಹರಿದ ಚೀಲದಿಂದ ಬಿದ್ದ ಒಂದು ಹಿಡಿ ಪೊಟ್ಯಾಷ್ ಮ್ಯಾಟಿನ ಅಡಿಗೆ ಸೇರಿದರೆ ಗಾಳಿಯ ತೇವವನ್ನೇ ಎಳೆದುಕೊಂಡು ಜಿನುಗುತ್ತಾ ಕೂರುತ್ತದೆ. ಮೈಲುತುತ್ತದ, ಅಂದರೆ ಕಾಪರ್ ಸಲ್ಫೇಟಿನ ಕತೆ ಇನ್ನೂ ಕೆಟ್ಟದ್ದು. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ನೋಡಲು ಕತ್ತಿ ಅದ್ದುತ್ತೇವಲ್ಲ, ಸುಣ್ಣ ಕಡಿಮೆಯಿದ್ದರೆ ಕತ್ತಿಯ ಅಲಗು ಕೆಂಪಗಾಗುತ್ತದೆ. ಆ ಕೆಂಪು ತಾಮ್ರ. ಅದು ಕೂತಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಮೈಲುತುತ್ತದ ನೀರು ಜೀಪಿನ ಫ್ಲೋರಿಗೆ ಚೆಲ್ಲಿದಾಗ ಆಗುವುದೂ ಇದೇ. ಕೂತ ತಾಮ್ರ ಸುತ್ತಲಿನ ಕಬ್ಬಿಣವನ್ನು ಮತ್ತೂ ಬೇಗ ತಿನ್ನಿಸುತ್ತದೆ.

ಯಾವಾಗ ಮಾಡಬೇಕು

ಕಾಫಿ ಕೊಯ್ಲು ಮುಗಿದು, ಕಾಫಿ ಹೂ ಬಿಡಿಸುವ ಹೂಮಳೆ ಬರುವ ಮುಂಚೆ. ಅಂದರೆ ಫೆಬ್ರವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ. ವೆಲ್ಡಿಂಗ್ ಇದ್ದರೆ ಎಂಟರಿಂದ ಹತ್ತು ದಿನ ಗಾಡಿ ನಿಲ್ಲಿಸುವುದಕ್ಕೆ ತಯಾರಿರಬೇಕು. ಮೇ ತಿಂಗಳಲ್ಲಿ ಅವಸರಕ್ಕೆ ಶುರು ಮಾಡಿದ ಕೆಲಸ ಅರ್ಧಕ್ಕೆ ಮಳೆಗೆ ಸಿಕ್ಕರೆ, ಉಜ್ಜಿ ಬೆಳ್ಳಗೆ ಮಾಡಿದ ತಗಡು ಒಂದೇ ರಾತ್ರಿಯಲ್ಲಿ ಕಂದಾಗುತ್ತದೆ.

ಬಿಚ್ಚುವುದು, ತಟ್ಟಿ ನೋಡುವುದು

ಮೊದಲು ಕೆಳಗಿನಿಂದ ಪ್ರೆಶರ್ ವಾಶ್. ಪಟ್ಟಿಗಳ ತುದಿ, ಚಾಸಿಯ ಮೇಲ್ಭಾಗ, ಬಾಡಿ ಬೋಲ್ಟಿನ ಸುತ್ತ ಕೂತ ಕೆಸರು ಪೂರಾ ಹೋಗಬೇಕು. ಎರಡು ದಿನ ಬಿಸಿಲಲ್ಲಿ ಒಣಗಿಸಿ. ಆಮೇಲೆ ಸೀಟು, ಮ್ಯಾಟು, ಗೇರ್ ಲಿವರಿನ ಬೂಟು, ಟನೆಲ್ ಕವರ್, ಹಿಂದಿನ ಬೆಂಚು ಎಲ್ಲ ಹೊರಗೆ. ಯಾರಾದರೂ ಅಲ್ಯೂಮಿನಿಯಂ ಚೆಕರ್ಡ್ ಪ್ಲೇಟ್ ಹೊಡೆದಿದ್ದರೆ ಅದರ ರಿವೆಟ್ಟುಗಳನ್ನು 5 ಮಿ.ಮೀ. ಡ್ರಿಲ್ಲಿನಲ್ಲಿ ತೂತು ಮಾಡಿ ತೆಗೆಯಿರಿ. ನೋಡುವುದಕ್ಕೆ ಚೆನ್ನಾಗಿದ್ದರೂ ನೀರು ಹಿಡಿದಿಡಲು ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ. ಅಡಿಯಲ್ಲಿ ಕಾಣುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಹಳೆ ಜೀಪಿನಲ್ಲಿ ಇಂಚು ಅಳತೆಯ ಬೋಲ್ಟುಗಳೇ ಹೆಚ್ಚು. ಮಿಲಿಮೀಟರ್ ಸ್ಪ್ಯಾನರ್ ತುರುಕಿದರೆ ತಲೆ ಉರುಟಾಗುತ್ತದೆ. ಹಿಂದಿನ ದಿನ ಸಂಜೆಯೇ ತುಕ್ಕು ಸಡಿಲಿಸುವ ಎಣ್ಣೆ ಬಿಡಿ, ಬೆಳಗ್ಗೆ ಮತ್ತೊಮ್ಮೆ. ಅಷ್ಟಾದರೂ ಬಾಡಿ ಬೋಲ್ಟುಗಳಲ್ಲಿ ಎರಡು ಮೂರು ಮುರಿದೇ ಮುರಿಯುತ್ತವೆ. ಹೊಸದನ್ನು ಮೊದಲೇ ತಂದಿಡುವುದು ಒಳ್ಳೆಯದು.

ಈಗ ಸಣ್ಣ ಸುತ್ತಿಗೆ ಹಿಡಿದು ಇಡೀ ತಳವನ್ನು ಅಂಗೈಯಗಲಕ್ಕೊಂದು ಏಟಿನಂತೆ ತಟ್ಟುತ್ತಾ ಹೋಗಿ. ಒಳ್ಳೆಯ ತಗಡು ಠಣ್ಣನೆ ಮಾತಾಡುತ್ತದೆ. ಕೊಳೆತದ್ದು ಧಪ್ ಎನ್ನುತ್ತದೆ, ಕೆಳಗೆ ಪುಡಿ ಉದುರುತ್ತದೆ. ಧಪ್ ಎಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹಳೆ ಸ್ಕ್ರೂಡ್ರೈವರಿನಿಂದ ಒತ್ತಿ. ಬಿಡದೆ ನೋಡಬೇಕಾದ ಜಾಗಗಳು ಇವು: ಡ್ರೈವರ್ ಮತ್ತು ಪಕ್ಕದವರ ಕಾಲಿನ ಗುಂಡಿಯ ನಾಲ್ಕು ಮೂಲೆ, ಸೀಟಿನ ಅಡಿಯ ಟೂಲ್ ಬಾಕ್ಸಿನ ತಳ, ಹಿಂದಿನ ಚಕ್ರದ ಕವಚ ಫ್ಲೋರಿಗೆ ಸೇರುವ ಗೆರೆ, ಟೇಲ್ ಗೇಟಿನ ಕೆಳಗಿನ ಅಡ್ಡಪಟ್ಟಿ, ಪ್ರತಿ ಬಾಡಿ ಬೋಲ್ಟಿನ ಸುತ್ತ ಒಂದು ಗೇಣು.

ತೂತು ಬೀಳದಿದ್ದರೆ, ಒತ್ತಿದಾಗ ತಗಡು ಬಗ್ಗದಿದ್ದರೆ, ಉಜ್ಜಿ ಕೋಟಿಂಗ್ ಹೊಡೆದರೆ ಸಾಕು. ತೂತು ಬಿದ್ದರೆ ಕತ್ತರಿಸಿ ಹೊಸ ತಗಡು ಕೂರಿಸಬೇಕು. ನಡುವಿನ ದಾರಿ ಎಂದು ಫೈಬರ್ ಮ್ಯಾಟ್, ಎಂ-ಸೀಲ್, ಪುಟ್ಟಿ ಹಾಕುವುದು ಬೇಡ. ಅದರಲ್ಲೂ ಸೀಟು ಮತ್ತು ಬೆಲ್ಟಿನ ಬೋಲ್ಟ್ ಕೂರುವ ಜಾಗಕ್ಕೆ ಫೈಬರ್ ತೇಪೆ ಹಾಕಿದರೆ ಅಪಘಾತದ ಹೊತ್ತಿಗೆ ಸೀಟೇ ಕಿತ್ತು ಬರಬಹುದು.

ಸಾಮಾನು ಎಷ್ಟು ಬೇಕು

ಜೀಪಿನ ಫ್ಲೋರು ಮೇಲ್ಮುಖ ಸುಮಾರು 3 ಚದರ ಮೀಟರ್, ಕೆಳಮುಖ ಪಟ್ಟಿಗಳೂ ಸೇರಿ ಅಷ್ಟೇ ಎಂದಿಟ್ಟುಕೊಂಡರೆ ಲೆಕ್ಕ ಹೀಗೆ ಬರುತ್ತದೆ. ಕಲಸಿ ಬಳಸುವ ಎಪಾಕ್ಸಿ ಪ್ರೈಮರ್ (ಬಣ್ಣ ಒಂದು ಡಬ್ಬಿ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಇನ್ನೊಂದು ಡಬ್ಬಿ), ಎರಡೂ ಸೇರಿ 2 ಲೀಟರ್. ಮೇಲಿನ ಬಣ್ಣಕ್ಕೆ ಪಿಯು (ಪಾಲಿಯುರೆಥೇನ್) ಪೇಂಟ್ 1 ಲೀಟರ್. ಸಂದು ತುಂಬುವ ಪಿಯು ಸೀಮ್ ಸೀಲಂಟ್ 310 ಮಿ.ಲೀ.ನ ಎರಡು ಟ್ಯೂಬು. ಕೆಳಗಿನ ರಬ್ಬರೈಸ್ಡ್ ಅಂಡರ್‌ಬಾಡಿ ಕೋಟಿಂಗ್ 3ರಿಂದ 4 ಕೆ.ಜಿ. ಪಟ್ಟಿಗಳ ಒಳಕ್ಕೆ ಕ್ಯಾವಿಟಿ ವ್ಯಾಕ್ಸ್ 1 ಲೀಟರ್. ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ಬಿಡಿಸುವ ದ್ರವ 1 ಲೀಟರ್. ಪ್ರೈಮರಿಗೆ ಹೊಂದುವ ಥಿನ್ನರ್ 2 ಲೀಟರ್, ಒರೆಸುವುದಕ್ಕೂ ಸೇರಿಸಿ.

ಉಜ್ಜಲು 4 ಇಂಚಿನ ಗ್ರೈಂಡರ್, ಅದಕ್ಕೆ ಕಪ್ ವೈರ್ ಬ್ರಷ್ ಎರಡು, 60 ಮತ್ತು 80 ನಂಬರಿನ ಫ್ಲ್ಯಾಪ್ ಡಿಸ್ಕ್ ನಾಲ್ಕಾರು, ಮೂಲೆಗಳಿಗೆ ಕೈ ವೈರ್ ಬ್ರಷ್, ಅಗಲ ಉಳಿ. ಕಣ್ಣಿಗೆ ಪೂರ್ತಿ ಮುಚ್ಚುವ ಗಾಗಲ್ ಹಾಕದೆ ಕಪ್ ಬ್ರಷ್ ಮುಟ್ಟಬೇಡಿ. ಬಿಚ್ಚಿ ಹಾರುವ ತಂತಿ ಸೂಜಿಯ ಹಾಗೆ ಚುಚ್ಚಿಕೊಳ್ಳುತ್ತದೆ.

ತೇಪೆಗೆ 18 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಶೀಟ್, ಅಂದರೆ ಸುಮಾರು 1.2 ಮಿ.ಮೀ. ಎರಡೂ ಕಾಲಿನ ಗುಂಡಿಗೆ 4 ಅಡಿಗೆ 2 ಅಡಿಯ ತುಂಡು ಸಾಕು, ಸುಮಾರು 7 ಕೆ.ಜಿ. ತೂಗುತ್ತದೆ. ಗಟ್ಟಿಯಿರಲಿ ಎಂದು 14 ಗೇಜು ತಂದರೆ ಮಣಿಸುವುದು ಕಷ್ಟ, ವೆಲ್ಡ್ ಮಾಡುವಾಗ ಪಕ್ಕದ ಹಳೆ ತಗಡು ಮೊದಲು ಕರಗುತ್ತದೆ. ಸತುವಿನ ಲೇಪದ ಜಿಐ ಶೀಟೂ ಬೇಡ. ವೆಲ್ಡ್ ಬಿದ್ದ ಕಡೆ ಸತುವು ಸುಟ್ಟುಹೋಗುತ್ತದೆ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಉಜ್ಜುವುದು: ಇಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ದಂಡ

ಮೊದಲು ಜಿಡ್ಡು ತೆಗೆಯಬೇಕು, ಆಮೇಲೆ ತುಕ್ಕು. ಗಾಡಿಗೆ ಹಿಂದೆ ಸುಟ್ಟ ಎಂಜಿನ್ ಆಯಿಲ್ ಹೊಡೆಸಿದ್ದರೆ ಇದು ಮರೆಯಬಾರದ ಮಾತು. ಜಿಡ್ಡಿದ್ದಾಗಲೇ ಗ್ರೈಂಡರ್ ಇಟ್ಟರೆ ಎಣ್ಣೆಯನ್ನು ತಗಡಿನ ಸಣ್ಣ ಗುಳಿಗಳೊಳಕ್ಕೆ ಬಿಸಿ ಮಾಡಿ ತಿಕ್ಕಿದ ಹಾಗಾಗುತ್ತದೆ. ಬಣ್ಣ ಅಲ್ಲಿ ಕೂರುವುದಿಲ್ಲ, ಮೀನಿನ ಕಣ್ಣಿನಂತೆ ಗುಂಡಗೆ ದೂರ ಸರಿಯುತ್ತದೆ. ಡೀಸೆಲ್ಲಿನಿಂದ ಕರಗಿಸಿ, ಸೋಪಿನ ಪುಡಿಯ ಬಿಸಿನೀರಿನಿಂದ ತೊಳೆದು, ಒಣಗಿದ ಮೇಲೆ ಥಿನ್ನರ್ ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಬಟ್ಟೆ ಬದಲಿಸುತ್ತಾ ಒರೆಸಬೇಕು.

ಉಳಿ ಮತ್ತು ಸುತ್ತಿಗೆಯಿಂದ ಹಕ್ಕಳೆ ಎಬ್ಬಿಸಿ, ಉಳಿದದ್ದಕ್ಕೆ ಕಪ್ ಬ್ರಷ್ ಹಿಡಿಯಿರಿ. ಇಲ್ಲಿ ಎಲ್ಲರೂ ಮೋಸ ಹೋಗುವ ಒಂದು ವಿಷಯವಿದೆ. ವೈರ್ ಬ್ರಷ್ ತುಕ್ಕನ್ನು ತೆಗೆಯುವುದಕ್ಕಿಂತ ಪಾಲಿಶ್ ಮಾಡುವುದೇ ಹೆಚ್ಚು. ಹತ್ತು ನಿಮಿಷ ಉಜ್ಜಿದ ಮೇಲೆ ತಗಡು ಕಪ್ಪು ಕಂದು ಬಣ್ಣಕ್ಕೆ ಮಿರಿಮಿರಿ ಮಿಂಚುತ್ತದೆ, ಮುಗಿಯಿತು ಅನಿಸುತ್ತದೆ. ಆ ಮಿಂಚು ಕಬ್ಬಿಣದ್ದಲ್ಲ, ನಯವಾದ ತುಕ್ಕಿನದು. ಶುದ್ಧ ತಗಡು ಬೆಳ್ಳಿಯಂತೆ ಬೂದು ಬಿಳಿ ಇರುತ್ತದೆ. ಅನುಮಾನ ಇದ್ದರೆ ಮನೆಯಲ್ಲಿರುವ ಮೈಲುತುತ್ತವೇ ಪರೀಕ್ಷಕ: ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕದಡಿ, ಹತ್ತಿಯಲ್ಲಿ ಅದ್ದಿ ತಗಡಿಗೆ ಒಂದು ಚುಕ್ಕಿ ಇಡಿ. ಶುದ್ಧ ಕಬ್ಬಿಣವಿದ್ದಲ್ಲಿ ಆ ಕೂಡಲೇ ತಾಮ್ರದ ಬಣ್ಣ ಏರುತ್ತದೆ. ತುಕ್ಕು ಉಳಿದ ಕಡೆ ಏರುವುದಿಲ್ಲ, ಕಪ್ಪಗೇ ಇರುತ್ತದೆ. ನಾಲ್ಕೈದು ಕಡೆ ನೋಡಿದರೆ ಸಾಕು. ನೋಡಿದ ಜಾಗವನ್ನು ತೊಳೆದು, ಕೆಂಪು ಪೂರ್ತಿ ಹೋಗುವ ಹಾಗೆ ಫ್ಲ್ಯಾಪ್ ಡಿಸ್ಕಿನಲ್ಲಿ ಉಜ್ಜಿಬಿಡಿ. ತಾಮ್ರ ಉಳಿದರೆ ಏನಾಗುತ್ತದೆ ಎಂದು ಮೇಲೆ ಹೇಳಿಯಾಗಿದೆ.

ವೈರ್ ಬ್ರಷ್ ಆದ ಮೇಲೆ 80ರ ಫ್ಲ್ಯಾಪ್ ಡಿಸ್ಕನ್ನು ಹಗುರ ಕೈಯಲ್ಲಿ ಓಡಿಸಿ. ಒಂದೇ ಕಡೆ ಒತ್ತಿ ಹಿಡಿದರೆ ತಗಡು ನೀಲಿಯಾಗುತ್ತದೆ, ತೆಳ್ಳಗಾಗುತ್ತದೆ, ಬಿಸಿಗೆ ಉಬ್ಬಿ ಡಬ್ಬಿಯ ಮುಚ್ಚಳದಂತೆ ಟಕ್ ಟಕ್ ಎನ್ನತೊಡಗುತ್ತದೆ. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸುವವರಿಗೂ ಇದೇ ಎಚ್ಚರಿಕೆ: ಚಾಸಿಗೆ ಹೊಡೆಯುವ ಒತ್ತಡದಲ್ಲಿ ಫ್ಲೋರಿಗೆ ಹೊಡೆದರೆ ತಗಡು ಅಲೆಅಲೆಯಾಗುತ್ತದೆ. ಹೊಳೆಮರಳು ಬಳಸುವ ಕಡೆ ಕೊಡಬೇಡಿ, ಅದರ ದೂಳು ಉಸಿರಾಡಿದವರ ಶ್ವಾಸಕೋಶ ಹಾಳಾಗುತ್ತದೆ. ಗಾರ್ನೆಟ್ ಬಳಸುವವರು ಸಿಗುತ್ತಾರೆ.

ಬಿಡಿ ಭಾಗಗಳಾದ ಸೀಟಿನ ಬ್ರಾಕೆಟ್ಟು, ಕೊಂಡಿ, ಬೋಲ್ಟುಗಳನ್ನು ಉಜ್ಜುತ್ತಾ ಕೂರಬೇಕಿಲ್ಲ. ಪಶು ಆಹಾರದ ಅಂಗಡಿಯಲ್ಲಿ ಕಾಕಂಬಿ ಸಿಕ್ಕರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಂದೆರಡು ವಾರ ಮುಳುಗಿಸಿಡಿ. ವಾಸನೆ ಸಹಿಸಬೇಕು, ಅಷ್ಟೇ. ತುಕ್ಕು ತಾನಾಗಿ ಬಿಟ್ಟು ಬರುತ್ತದೆ, ಒಳ್ಳೆಯ ಕಬ್ಬಿಣಕ್ಕೆ ಹೆಚ್ಚು ಏಟು ಬೀಳುವುದಿಲ್ಲ. ಅಲ್ಯೂಮಿನಿಯಂ ಭಾಗ ಮಾತ್ರ ಹಾಕಬೇಡಿ.

ಆಸಿಡ್ ಯಾವುದು, ಎಷ್ಟು ಹೊತ್ತು

ಗುಳಿಬಿದ್ದ ತಗಡಿನಲ್ಲಿ ಎಷ್ಟು ಉಜ್ಜಿದರೂ ಗುಳಿಯ ತಳದಲ್ಲಿ ಕಪ್ಪು ಚುಕ್ಕಿ ಉಳಿಯುತ್ತದೆ. ಅದಕ್ಕೆ ಫಾಸ್ಫಾರಿಕ್ ಆಸಿಡ್. ಕೈಗವಸು ಹಾಕಿಕೊಂಡು ಬ್ರಷ್ಷಿನಲ್ಲಿ ಹಚ್ಚಿ, 15–20 ನಿಮಿಷ ಒಣಗಲು ಬಿಡದೆ ಮತ್ತೆ ಮತ್ತೆ ಒದ್ದೆ ಮಾಡುತ್ತಾ ವೈರ್ ಬ್ರಷ್ಷಿನಿಂದ ತಿಕ್ಕಿ. ತುಕ್ಕು ಬೂದು ಕಪ್ಪಾಗುತ್ತದೆ. ಆಮೇಲೆ ಧಾರಾಳ ನೀರಿನಿಂದ ತೊಳೆದು ತಕ್ಷಣ ಒರೆಸಿ, ಕಂಪ್ರೆಸರ್ ಗಾಳಿ ಬಿಟ್ಟು ಒಣಗಿಸಿ. ಸಂದುಗಳಲ್ಲಿ ಆಸಿಡ್ ನಿಂತರೆ ಅದರ ಮೇಲೆ ಎಪಾಕ್ಸಿ ಗಟ್ಟಿಯಾಗುವುದಿಲ್ಲ, ಏಕೆಂದರೆ ಎಪಾಕ್ಸಿಯ ಹಾರ್ಡನರ್ ಕ್ಷಾರ ಗುಣದ್ದು, ಆಸಿಡ್ ಅದನ್ನು ಕೊಲ್ಲುತ್ತದೆ. ಇದೇ ಕಾರಣಕ್ಕೆ ಆಸಿಡ್ ಇರುವ ವಾಶ್ ಪ್ರೈಮರ್ ಹೊಡೆದು ಅದರ ಮೇಲೆ ಎಪಾಕ್ಸಿ ಹೊಡೆಯುವುದೂ ತಪ್ಪು. ಎರಡರಲ್ಲಿ ಒಂದು.

ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಐದೇ ನಿಮಿಷದಲ್ಲಿ ತುಕ್ಕು ಹೋಗುತ್ತದೆ ಎಂದು ಹೇಳುವವರಿದ್ದಾರೆ. ಹೋಗುವುದು ನಿಜ. ಆದರೆ ಅದು ಹೈಡ್ರೋಕ್ಲೋರಿಕ್ ಆಸಿಡ್. ಬಿಟ್ಟುಹೋಗುವ ಕ್ಲೋರೈಡನ್ನು ಸಂದುಗಳಿಂದ ತೊಳೆದು ತೆಗೆಯುವುದು ಆಗದ ಮಾತು. ಪೊಟ್ಯಾಷ್ ಚೀಲವನ್ನು ಬಣ್ಣದ ಅಡಿಯಲ್ಲೇ ಇಟ್ಟಂತೆ.

ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರುಗಳಲ್ಲಿ ಹಲವು ಟ್ಯಾನಿನ್ ಬಗೆಯವು. ಹಸಿ ಅಡಿಕೆ ಸುಲಿದ ಕತ್ತಿ ಚೊಗರಿಗೆ ಕಪ್ಪಾಗುವುದಿಲ್ಲವೇ, ಅದೇ ರಸಾಯನ. ಕೈ ಹೋಗದ ಸಂದಿಗೆ ಅವು ಒಳ್ಳೆಯವು. ಬಯಲು ತಗಡಿಗೆ ಉಜ್ಜುವ ಕೆಲಸ ತಪ್ಪಿಸಿಕೊಳ್ಳಲು ಬಳಸಬೇಡಿ. ದಪ್ಪ ತುಕ್ಕಿನ ಮೇಲ್ಪದರ ಮಾತ್ರ ಕಪ್ಪಾಗುತ್ತದೆ, ಒಳಗಿನದು ಒಳಗೇ ಇರುತ್ತದೆ.

ತೇಪೆ

ಬ್ಯಾಟರಿ ಮತ್ತು ಆಲ್ಟರ್ನೇಟರಿನ ವೈರ್ ಬಿಚ್ಚಿ. ಡೀಸೆಲ್ ಟ್ಯಾಂಕ್ ಡ್ರೈವರ್ ಸೀಟಿನ ಅಡಿಯಲ್ಲಿದ್ದರೆ ಅದನ್ನು ಇಳಿಸದೆ ವೆಲ್ಡಿಂಗ್ ಶುರು ಮಾಡಿಸಬೇಡಿ, ಒದ್ದೆ ಗೋಣಿ ಮುಚ್ಚಿದರೆ ಸಾಕು ಎನ್ನುವ ಮಾತಿಗೆ ಒಪ್ಪಬೇಡಿ. ಫ್ಲೋರಿನ ಅಡಿಯಲ್ಲಿ ಹೋಗುವ ಬ್ರೇಕ್ ಪೈಪು, ಡೀಸೆಲ್ ಪೈಪು, ವೈರಿಂಗ್ ಎಲ್ಲವನ್ನೂ ಪಕ್ಕಕ್ಕೆ ಸರಿಸಿ. ಒಬ್ಬರು ಬಕೆಟ್ ನೀರು ಹಿಡಿದು ಕೆಳಗೆ ನೋಡುತ್ತಿರಬೇಕು. ಹಳೆ ಕೋಟಿಂಗ್ ಹೊತ್ತಿಕೊಂಡರೆ ಮೇಲೆ ಕೂತ ವೆಲ್ಡರಿಗೆ ಗೊತ್ತಾಗುವುದಿಲ್ಲ. ವೆಲ್ಡಿಂಗಿಗೆ ಮುಂಚೆ ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ತಗಡು ಒರೆಸುವುದು ಬೇಡ. ಕ್ಲೋರಿನ್ ಇರುವ ಬಗೆಯದಾದರೆ ವೆಲ್ಡಿಂಗಿನ ಶಾಖಕ್ಕೆ ವಿಷಗಾಳಿಯಾಗುತ್ತದೆ.

ಕೊಳೆತ ಜಾಗಕ್ಕಿಂತ ಎಲ್ಲ ಕಡೆ 20–25 ಮಿ.ಮೀ. ಹೆಚ್ಚಿಗೆ ಕತ್ತರಿಸಿ, ಪೂರ್ತಿ ದಪ್ಪದ ತಗಡು ಸಿಗುವ ತನಕ. ಕತ್ತರಿಸುವ ಮುಂಚೆ ಬಾಡಿ ಜಗ್ಗದಂತೆ ಅಡಿಗೆ ಮರದ ಹಲಗೆ ಇಟ್ಟು ಜ್ಯಾಕ್ ಕೊಟ್ಟಿರಬೇಕು. ಪಟ್ಟಿಯೂ ಕೊಳೆತಿದ್ದರೆ ಮೊದಲು ಪಟ್ಟಿ, ಆಮೇಲೆ ಫ್ಲೋರು. ಒಮ್ಮೆಗೆ ಒಂದು ಬದಿ ಮಾತ್ರ ಬಿಚ್ಚಿ. ಎರಡೂ ಬದಿ ಕತ್ತರಿಸಿಟ್ಟ ಜೀಪಿನ ಬಾಗಿಲ ಚೌಕಟ್ಟು ಮತ್ತೆ ಅಳತೆಗೆ ಬರುವುದಿಲ್ಲ.

ಹೊಸ ತಗಡಿನ ಅಂಚು ಹಳೆಯದರ ಮೇಲೆ 12–15 ಮಿ.ಮೀ. ಕೂರುವಂತೆ ಅಳೆದು, ಅಂಚಿನಲ್ಲಿ 30–40 ಮಿ.ಮೀ.ಗೊಂದು 6 ಮಿ.ಮೀ. ತೂತು ಕೊರೆಯಿರಿ. ಒಳಗೆ ಮುಚ್ಚಿಹೋಗುವ ಎರಡೂ ಮುಖಕ್ಕೆ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಹೊಡೆದು, ಕ್ಲ್ಯಾಂಪ್ ಹಾಕಿ, ಆ ತೂತುಗಳ ಮೂಲಕ 0.8 ಮಿ.ಮೀ. ತಂತಿಯ ಸಿಒಟು (ಕಾರ್ಬನ್ ಡೈಆಕ್ಸೈಡ್ ಗಾಳಿ ಬಿಟ್ಟು ಮಾಡುವ) ವೆಲ್ಡಿಂಗಿನಲ್ಲಿ ತುಂಬಿಸಿ. ಅಂಚಿನ ಉದ್ದಕ್ಕೂ ಒಂದೇ ಗೆರೆ ಎಳೆದರೆ ತಗಡು ಸೊಟ್ಟಗಾಗುತ್ತದೆ. ಈ ಮೂಲೆಯಲ್ಲೊಂದು, ಎದುರು ಮೂಲೆಯಲ್ಲೊಂದು ಎಂದು ಜಿಗಿಯುತ್ತಾ ಹೋಗಬೇಕು. ಕಡ್ಡಿ ವೆಲ್ಡಿಂಗ್ 1.2 ಮಿ.ಮೀ. ತಗಡನ್ನು ತೂತು ಮಾಡುವುದೇ ಹೆಚ್ಚು. ಗ್ಯಾಸ್ ವೆಲ್ಡಿಂಗಿನ ಶಾಖ ದೂರದ ತನಕ ಬಣ್ಣ ಸುಡುತ್ತದೆ. ಊರಿನಲ್ಲಿ ಸಿಒಟು ಇಲ್ಲದಿದ್ದರೆ ತಗಡು ಕತ್ತರಿಸಿ ಹೊಂದಿಸುವ ತನಕ ಮನೆಯಲ್ಲೇ ಮಾಡಿಕೊಂಡು, ಹತ್ತಿರದ ಪೇಟೆಯ ಟಿಂಕರಿಂಗ್ ಶಾಪಿಗೆ ಒಂದು ದಿನಕ್ಕೆ ಗಾಡಿ ಒಯ್ಯುವುದು ಲೇಸು.

ಪ್ರೈಮರ್

ರೆಡ್ ಆಕ್ಸೈಡ್ ನಮ್ಮ ಕಡೆಯ ಅಭ್ಯಾಸ. ಗೇಟಿಗೆ, ಕಿಟಕಿಯ ಸರಳಿಗೆ ಸರಿ. ಕೆಸರಲ್ಲಿ ನೆನೆಯುವ ಫ್ಲೋರಿಗೆ ಸಾಲದು. ಅದರೊಳಗೆ ತೇವ ಇಳಿಯುತ್ತದೆ. ಎಪಾಕ್ಸಿ ಪ್ರೈಮರಿಗೇ ಹಣ ಹಾಕಿ. ಉಳಿತಾಯ ಬೇಕಿದ್ದರೆ ಮೇಲಿನ ಕೋಟಿಂಗಿನಲ್ಲಿ ಮಾಡಿಕೊಳ್ಳಬಹುದು.

ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು. ಮಲೆನಾಡಿನ ಇಬ್ಬನಿ ಬೆಳಗ್ಗೆ ಒಂಬತ್ತೂವರೆ ತನಕ ತಗಡಿನ ಮೇಲೆ ಕೂತಿರುತ್ತದೆ, ಕಣ್ಣಿಗೆ ಕಾಣದಿದ್ದರೂ. ಗಾಳಿಯ ತೇವಾಂಶ 85%ಕ್ಕಿಂತ ಕಡಿಮೆ ಇರಬೇಕು, ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಅಳೆಯುವ ಸಾಧನ ಇಲ್ಲದವರಿಗೆ ಒಂದು ಉಪಾಯ: ಹಿಂಡಿದ ಒದ್ದೆ ಬಟ್ಟೆಯಿಂದ ಒಂದು ಅಂಗೈಯಷ್ಟು ಜಾಗ ಒರೆಸಿ. ಹದಿನೈದು ನಿಮಿಷದೊಳಗೆ ಪೂರ್ತಿ ಆರಿದರೆ ಬಣ್ಣ ಹೊಡೆಯಬಹುದು. ಆರದಿದ್ದರೆ ಕಾಯಬೇಕು. ಹಾಗೆಂದು ಮಧ್ಯಾಹ್ನದ ಬಿಸಿಲಲ್ಲಿ ಕಾದ ತಗಡಿಗೂ ಹೊಡೆಯಬಾರದು. ಮೇಲ್ಪದರ ಬೇಗ ಕೆನೆಗಟ್ಟಿ ಒಳಗಿನ ಥಿನ್ನರ್ ಗುಳ್ಳೆಯಾಗಿ ಒಡೆಯುತ್ತದೆ. ಕೊಟ್ಟಿಗೆಯ ನೆರಳಲ್ಲಿ, ಹತ್ತರಿಂದ ಮೂರರ ಒಳಗೆ.

ಹಾರ್ಡನರನ್ನು ಅಂದಾಜಿಗೆ ಸುರಿಯಬೇಡಿ. ಡಬ್ಬಿಯಲ್ಲಿ ಬರೆದ ಪ್ರಮಾಣವನ್ನು ಅಳತೆ ಲೋಟದಲ್ಲೇ ಅಳೆಯಿರಿ. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಾಕಿದರೆ ಬಣ್ಣ ಪೆಡಸಾಗಿ ಸಿಡಿಯುತ್ತದೆ, ಕಡಿಮೆ ಹಾಕಿದರೆ ತಿಂಗಳಾದರೂ ಅಂಟುತ್ತಿರುತ್ತದೆ. ಕಲಸಿದ ಮೇಲೆ ಎಷ್ಟು ಹೊತ್ತು ಬಿಟ್ಟು ಹೊಡೆಯಬೇಕು, ಎಷ್ಟು ಹೊತ್ತಿನೊಳಗೆ ಮುಗಿಸಬೇಕು ಎನ್ನುವುದೂ ಡಬ್ಬಿಯ ಮೇಲೆ ಇರುತ್ತದೆ. ಒಮ್ಮೆಗೆ ಅರ್ಧ ಲೀಟರಿಗಿಂತ ಹೆಚ್ಚು ಕಲಸದಿದ್ದರೆ ದಂಡವಾಗುವುದಿಲ್ಲ.

ಮೊದಲು ಒಂದು ಇಂಚಿನ ಬ್ರಷ್ಷಿನಿಂದ ಅಂಚು, ವೆಲ್ಡ್ ಗೆರೆ, ಬೋಲ್ಟ್ ತೂತಿನ ಒಳಬದಿ, ಮೂಲೆಗಳಿಗೆ ಮಾತ್ರ ಒಂದು ಕೈ. ಚೂಪು ಅಂಚಿನಲ್ಲಿ ಹಸಿ ಬಣ್ಣ ತಾನಾಗಿ ಹಿಂದೆ ಸರಿದು ತೆಳ್ಳಗಾಗುತ್ತದೆ. ಮುಂದೆ ತುಕ್ಕು ಮೊದಲು ಇಣುಕುವುದೂ ಅಲ್ಲಿಂದಲೇ. ಅದಾದ ಮೇಲೆ ಇಡೀ ಮೈಗೆ ಎರಡು ಕೈ, ನಡುವೆ ಡಬ್ಬಿಯಲ್ಲಿ ಹೇಳಿದಷ್ಟು ಬಿಡುವು. ಗುಳಿಬಿದ್ದ ತಗಡಿಗೆ ಮೊದಲ ಕೈಯನ್ನು ಸ್ಪ್ರೇಗಿಂತ ಬ್ರಷ್ಷಿನಲ್ಲಿ ಕೊಡುವುದೇ ಒಳ್ಳೆಯದು, ಬಣ್ಣ ಗುಳಿಯ ತಳಕ್ಕೆ ಇಳಿಯುತ್ತದೆ. ಒಣಗಿದ ಮೇಲೆ ಎರಡೂ ಕೈ ಸೇರಿ 80–100 ಮೈಕ್ರಾನ್ ಬಂದರೆ ಸರಿ.

ಚಾಸಿ ನಂಬರ್ ಪಂಚ್ ಆಗಿರುವ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ. ಕೆಲಸ ಶುರು ಮಾಡುವ ಮುಂಚೆಯೇ ಗ್ರೀಸ್ ಹಚ್ಚಿ ಟೇಪ್ ಸುತ್ತಿಡಿ. 15 ವರ್ಷ ದಾಟಿದ ಖಾಸಗಿ ಗಾಡಿಯನ್ನು 5 ವರ್ಷಕ್ಕೊಮ್ಮೆ ಫಿಟ್‌ನೆಸ್‌ಗೆ ಒಯ್ಯಬೇಕು. ನಂಬರ್ ಕಾಣದಿದ್ದರೆ ಅಲ್ಲಿ ಉತ್ತರ ಕೊಡುವುದು ಕಷ್ಟ.

ಸಂದು ತುಂಬುವುದು, ಕೆಳಗಿನ ಕೋಟಿಂಗ್

ಸೀಲಂಟ್ ಪ್ರೈಮರಿನ ಮೇಲೆ ಬರಬೇಕು, ಬರಿ ತಗಡಿನ ಮೇಲಲ್ಲ. ಪ್ರತಿ ಜೋಡಣೆಗೂ ಬತ್ತಿಯಂತೆ ಎಳೆದು, ಸೋಪ್ ನೀರಲ್ಲಿ ಅದ್ದಿದ ಬೆರಳಿಂದ ಸವರಿ. ಕಿಟಕಿ ಗಾಜಿಗೆ ಹಾಕುವ ಸಿಲಿಕೋನ್ ಬೇಡ. ಅದರಲ್ಲಿ ಬರುವ ವಿನೆಗರ್ ವಾಸನೆ ಅಸಿಟಿಕ್ ಆಸಿಡ್ಡಿನದು, ತಗಡಿಗೆ ಶತ್ರು. ಮೇಲೆ ಬಣ್ಣವೂ ಹತ್ತುವುದಿಲ್ಲ. ಪಟ್ಟಿಗಳ ಕೆಳತುದಿಯಲ್ಲಿ ನೀರು ಇಳಿಯಲು ಬಿಟ್ಟ ಕಂಡಿಯನ್ನು ಮಾತ್ರ ಮುಚ್ಚಬಾರದು. ನೀಟಾಗಿ ಕಾಣಲಿ ಎಂದು ಅದನ್ನೂ ತುಂಬಿಸಿ ಪಟ್ಟಿಯನ್ನು ನೀರಿನ ಬಾಟಲಿ ಮಾಡಿಟ್ಟ ಕೆಲಸಗಳು ಬೇಕಾದಷ್ಟಿವೆ.

ಕೆಳಗಿನ ರಬ್ಬರೈಸ್ಡ್ ಕೋಟಿಂಗ್ ಎಪಾಕ್ಸಿಗೆ ಕಲ್ಲೇಟು ತಾಗದಂತೆ ಇರುವ ಮೆತ್ತೆ. ತುಕ್ಕು ತಡೆಯುವುದು ಎಪಾಕ್ಸಿಯೇ. ಒಂದೇ ದಪ್ಪ ಪದರಕ್ಕಿಂತ ಎರಡು ತೆಳು ಪದರ. ಸೈಲೆನ್ಸರ್, ಪ್ರೊಪೆಲರ್ ಶಾಫ್ಟ್, ಸ್ಪ್ರಿಂಗ್ ಎಲೆ ಮತ್ತು ಬುಶ್, ಹ್ಯಾಂಡ್‌ಬ್ರೇಕ್ ಕೇಬಲ್, ಆಕ್ಸಲ್ಲಿನ ಬ್ರೀದರ್, ಬ್ರೇಕ್ ಪೈಪಿನ ನಟ್ಟುಗಳಿಗೆ ಮುಂಚೆಯೇ ಪೇಪರ್ ಸುತ್ತಿ. ಸೈಲೆನ್ಸರಿಗೆ ಬಿದ್ದದ್ದು ಹೊಗೆಯಾಡುತ್ತದೆ, ಬೆಂಕಿಯೂ ಹಿಡಿಯಬಹುದು. ರಸ್ತೆ ಟಾರು ಕಾಯಿಸಿ ಬಳಿಯುವುದು ಹಳೆ ಪದ್ಧತಿ. ಒಂದೆರಡು ಬೇಸಿಗೆಗೆ ಒಣಗಿ ಬಿರುಕು ಬಿಟ್ಟು, ಬಿರುಕಿನಿಂದ ಹೋದ ನೀರನ್ನು ಒಳಗೇ ಹಿಡಿದಿಡುತ್ತದೆ. ಸುಟ್ಟ ಆಯಿಲ್ ಹೊಡೆಸಿದರೆ ರಬ್ಬರ್ ಬುಶ್ಶುಗಳು ಊದಿ ಹಾಳಾಗುತ್ತವೆ, ತೊಳೆದ ನೀರು ತೋಟಕ್ಕೋ ಹಳ್ಳಕ್ಕೋ ಇಳಿಯುತ್ತದೆ.

ಮೇಲಿನ ಮುಖಕ್ಕೆ ಪಿಯು ಪೇಂಟ್ ಎರಡು ಕೈ. ಎಪಾಕ್ಸಿ ಬಿಸಿಲಿಗೆ ಪುಡಿಯಾಗುತ್ತದೆ, ಹುಡ್ ತೆಗೆದು ಓಡಿಸುವ ಗಾಡಿಗೆ ಅದೊಂದೇ ಸಾಲದು. ಪ್ರೈಮರಿನ ಮೇಲೆ ಇನ್ನೊಂದು ಬಣ್ಣ ಹೊಡೆಯಲು ಡಬ್ಬಿಯಲ್ಲಿ ಹೇಳಿದ ಅವಧಿ ದಾಟಿದ್ದರೆ 320 ನಂಬರಿನ ಪೇಪರಿನಲ್ಲಿ ಮೈ ಮಂಕಾಗುವ ತನಕ ಉಜ್ಜಿ ಹೊಡೆಯಿರಿ. ಇಲ್ಲವಾದರೆ ಮೇಲಿನದು ಸಿಪ್ಪೆಯಂತೆ ಏಳುತ್ತದೆ. ಪಿಯು ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ. ಮನೆಯಲ್ಲಿ ಸ್ಪ್ರೇ ಬೇಡ, ರೋಲರ್ ಮತ್ತು ಬ್ರಷ್ಷಿನಲ್ಲಿ ಮುಗಿಸಿ. ಫ್ಲೋರಿಗೆ ಅಷ್ಟು ನಯ ಸಾಕು. ಪಿಕಪ್ ಗಾಡಿಯ ತೊಟ್ಟಿಗೆ ಹೊಡೆಯುವ ಒರಟು ಬೆಡ್‌ಲೈನರ್ ಕೋಟಿಂಗ್ ಹೊಡೆಸುವ ಆಸೆ ಹಲವರಿಗಿದೆ. ಒಣ ಸೀಮೆಗೆ ಅದು ಚೆನ್ನ. ಇಲ್ಲಿ ಅದರ ಗುಬುಟುಗಳ ನಡುವೆ ಕೆಸರು ಕೂರುತ್ತದೆ, ಅಡಿಯಲ್ಲಿ ತುಕ್ಕು ಶುರುವಾದರೆ ಮೇಲಿಂದ ಗೊತ್ತೇ ಆಗುವುದಿಲ್ಲ. ತಿಳಿ ಬೂದು ಬಣ್ಣದ ನಯ ಫ್ಲೋರಿನಲ್ಲಿ ಒಂದು ಕೆಂಪು ಚುಕ್ಕಿ ಎದ್ದರೂ ಕಣ್ಣಿಗೆ ಬೀಳುತ್ತದೆ.

ಕೊನೆಗೆ ಟೊಳ್ಳು ಪಟ್ಟಿಗಳು. ಎಲ್ಲ ಬಣ್ಣ ಗಟ್ಟಿಯಾದ ಮೇಲೆ ಉದ್ದ ನಳಿಗೆಯ ಸ್ಪ್ರೇಯಿಂದ ಕ್ಯಾವಿಟಿ ವ್ಯಾಕ್ಸ್ ಒಳಗೆ ಬಿಡಿ. ದಾರಿ ಇಲ್ಲದ ಪಟ್ಟಿಗೆ ಪಕ್ಕದಲ್ಲಿ 8 ಮಿ.ಮೀ. ತೂತು ಕೊರೆದು, ಆಮೇಲೆ ರಬ್ಬರ್ ಬಿರಡೆ ಹಾಕಬಹುದು. ಕೆಳಗಿನ ಕಂಡಿಗಳಿಂದ ವ್ಯಾಕ್ಸ್ ತೊಟ್ಟಿಕ್ಕುವುದು ಕಂಡರೆ ಒಳಗೆಲ್ಲ ಹರಡಿದೆ ಎಂದರ್ಥ. ತೊಟ್ಟಿಕ್ಕಿ ನಿಂತ ಮೇಲೆ ಕಂಡಿಗೆ ತಂತಿ ಹಾಕಿ ಬಿಡಿಸಿ.

ಮತ್ತೆ ಜೋಡಿಸುವಾಗ

ಪಿಯು ಬಣ್ಣ ಮುಟ್ಟಿದರೆ ಮರುದಿನವೇ ಗಟ್ಟಿ ಅನಿಸುತ್ತದೆ, ಆದರೂ ಭಾರ ಹೇರಲು ಒಂದು ವಾರ ಬಿಡಿ. ಬಾಡಿ ಮತ್ತು ಚಾಸಿಯ ನಡುವಿನ ಕ್ಯಾನ್ವಾಸ್ ಪ್ಯಾಡುಗಳು ನೀರು ಹೀರುತ್ತವೆ, ಗಟ್ಟಿ ರಬ್ಬರಿನವು ಹಾಕಿ. ಬೋಲ್ಟಿನ ಎಳೆಗೆ ಗ್ರೀಸ್, ತಲೆಯ ಅಡಿಗೆ ಸ್ವಲ್ಪ ಸೀಲಂಟ್. ಮ್ಯಾಟ್ ಹಾಕಲೇಬೇಕಿದ್ದರೆ ಎತ್ತಿ ತೆಗೆಯುವಂಥದ್ದು, ಅಂಟಿಸುವಂಥದ್ದಲ್ಲ. ಗೊಬ್ಬರ, ಬೋರ್ಡೋ ಡ್ರಮ್ಮು ಹೇರುವಾಗ ಅಡಿಗೆ ಒಂದು ಟಾರ್ಪಾಲು ಹಾಸಿ. ಚೆಲ್ಲಿದರೆ ಆ ಸಂಜೆಯೇ ನೀರು ಹೊಡೆಯಿರಿ.

ಜೂನಿನಿಂದ ಸೆಪ್ಟೆಂಬರ್ ತನಕ ಎರಡು ವಾರಕ್ಕೊಮ್ಮೆ ಮ್ಯಾಟ್ ಎತ್ತಿ, ಪಟ್ಟಿಗಳ ಕಂಡಿಗೆ ತಂತಿ ಆಡಿಸಿ. ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿ. ಕೋಟಿಂಗ್ ಉಬ್ಬಿದ ಕಡೆ ಚಾಕುವಿನಿಂದ ಸೀಳಿ, ಉಬ್ಬಿದ್ದರ ಸುತ್ತ ಗಟ್ಟಿಯಾಗಿ ಅಂಟಿರುವ ಅಂಚು ಸಿಗುವ ತನಕ ಸುಲಿಯಿರಿ. ತಗಡು ಬೆಳ್ಳಗಾಗುವಂತೆ ಉಜ್ಜಿ, ಬ್ರಷ್ಷಿನಲ್ಲಿ ಎಪಾಕ್ಸಿ ಎರಡು ಕೈ, ಮೇಲೆ ಕೋಟಿಂಗ್. ಮಿಕ್ಕ ಪ್ರೈಮರ್ ಮತ್ತು ಹಾರ್ಡನರಿನ ಮುಚ್ಚಳ ಬಿಗಿ ಮಾಡಿ, ಬೇರೆ ಬೇರೆ ಡಬ್ಬಿಯಲ್ಲೇ ನೆರಳಲ್ಲಿ ಇಟ್ಟಿದ್ದರೆ ಈ ಕೆಲಸಕ್ಕೆ ಮತ್ತೆ ಪೇಟೆಗೆ ಹೋಗಬೇಕಾಗುವುದಿಲ್ಲ.